ಪದ ಪರಿಚಯ: ಪೀರ್ ಸಪೋರ್ಟ್

ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿಯ ಬಣ್ಣ ಕೆಂಪು. ಅದು ಮೈ ಸೇರಿದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಬರುತ್ತದೆ. ಔಷಧಿಯ ಬಣ್ಣ ಅಷ್ಟೇ. ಆಸ್ಪತ್ರೆಯಲ್ಲಿ ಇದನ್ನು ಹೇಳಿರುತ್ತಾರೆ, ಆದರೆ ಆವತ್ತು ಹೇಳಿದ ನೂರು ಮಾತುಗಳ ನಡುವೆ ಇದು ತಲೆಗೆ ಹೋಗಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಅದನ್ನು ನೋಡಿ ಎದೆ ಧಸಕ್ಕೆಂದವರೊಬ್ಬರು ಫೋನ್ ತೆಗೆದು ಆನ್‌ಲೈನ್ ಗುಂಪಿನಲ್ಲಿ ಕೇಳುತ್ತಾರೆ. ಸ್ವಲ್ಪ ಹೊತ್ತಿಗೇ ಉತ್ತರ ಬರುತ್ತದೆ: ‘ಕೆಂಪು ಔಷಧಿ ಹಾಕಿದ್ರಾ? ನನಗೂ ಹಾಗೇ ಆಗಿತ್ತು, ಮಾರನೇ ದಿನ ಸರಿಹೋಯ್ತು. ಉರಿ ಇದ್ರೆ, ಇಲ್ಲಾ ಎರಡು ದಿನ ಕಳೆದ್ರೂ ಹಾಗೇ ಇದ್ರೆ ಆಸ್ಪತ್ರೆಗೆ ಫೋನ್ ಮಾಡಿ.’ ಪೀರ್ ಸಪೋರ್ಟ್ ಅಂದರೆ ಇದು.

ಒಂದು ಕಷ್ಟವನ್ನು ಸ್ವತಃ ಉಂಡವರು ಅದೇ ಕಷ್ಟದಲ್ಲಿರುವವರಿಗೆ ಆಸರೆಯಾಗುವುದನ್ನು ಹೀಗೆ ಕರೆಯುತ್ತಾರೆ. ಇಲ್ಲಿ ಯಾರೂ ಡಾಕ್ಟರ್ ಆಗಿ ಮಾತಾಡುವುದಿಲ್ಲ, ಯಾರಿಗೂ ಫೀಸಿಲ್ಲ. ಇವತ್ತು ಕೇಳಿದವರೇ ಮುಂದೊಂದು ದಿನ ಇನ್ನೊಬ್ಬರಿಗೆ ಹೇಳುತ್ತಿರುತ್ತಾರೆ. ಸ್ವಸಹಾಯ ಗುಂಪುಗಳನ್ನು ಅಧ್ಯಯನ ಮಾಡಿದ ಥಾಮಸಿನಾ ಬೋರ್ಕ್‌ಮನ್ ಎಂಬ ಸಮಾಜಶಾಸ್ತ್ರಜ್ಞೆ 1976ರಲ್ಲಿ ‘ಅನುಭವದ ಜ್ಞಾನ’ದ ಬಗ್ಗೆ ಬರೆದರು. ಓದಿ ಕಲಿತದ್ದಕ್ಕಿಂತ ಇದು ಬೇರೆ ಬಗೆಯ ತಿಳಿವಳಿಕೆ, ಇದಕ್ಕೂ ಬೆಲೆಯಿದೆ ಎಂಬುದು ಅವರ ವಾದ. ಕೀಮೋ ಪಡೆದವರಲ್ಲಿ ಎಷ್ಟು ಜನರಿಗೆ ನಾಲಿಗೆ ಕೆಡುತ್ತದೆ ಅನ್ನುವುದು ಡಾಕ್ಟರಿಗೆ ಗೊತ್ತು. ಸ್ಟೀಲ್ ಚಮಚ ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ, ಪ್ಲಾಸ್ಟಿಕ್ ಚಮಚ ಆದರೆ ಪರವಾಗಿಲ್ಲ ಅನ್ನುವುದು ಹಾಗೆ ತಿಂದವರಿಗೆ ಗೊತ್ತು.

ಇದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದೇನಲ್ಲ. 1952ರಲ್ಲಿ ಅಮೆರಿಕದ ಟೆರೀಸ್ ಲ್ಯಾಸರ್ ಎಂಬ ಮಹಿಳೆಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಕೈ ಎತ್ತುವುದು ಹೇಗೆ, ಬಟ್ಟೆ ಹಾಕಿಕೊಳ್ಳುವುದು ಹೇಗೆ ಎಂಬಂಥ ಸಣ್ಣ ಸಣ್ಣ ಪ್ರಶ್ನೆಗಳಿಗೆ ಉತ್ತರ ಹೇಳುವವರು ಇರಲಿಲ್ಲ. ಆಕೆ ತಾನೇ ಕಲಿತದ್ದನ್ನು ಹೇಳಲು ಆಪರೇಷನ್ ಆದ ಬೇರೆ ಹೆಂಗಸರ ಹಾಸಿಗೆಯ ಪಕ್ಕಕ್ಕೆ ಹೋಗತೊಡಗಿದರು. ಶುರುವಿನಲ್ಲಿ ಹಲವು ವೈದ್ಯರಿಗೆ ಇದು ಹಿಡಿಸಲಿಲ್ಲ. ಮುಂದೆ ಇದೇ ‘ರೀಚ್ ಟು ರಿಕವರಿ’ ಎಂಬ ಕಾರ್ಯಕ್ರಮವಾಯಿತು. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅದನ್ನು ತನ್ನದಾಗಿಸಿಕೊಂಡಿತು. ಇಂಟರ್ನೆಟ್ ಇದಕ್ಕೆ ಎರಡು ಅನುಕೂಲ ಸೇರಿಸಿತು. ಹೊತ್ತಲ್ಲದ ಹೊತ್ತಿನಲ್ಲೂ ಯಾರಾದರೂ ಎಚ್ಚರವಿರುತ್ತಾರೆ. ಅಪರೂಪದ ಕ್ಯಾನ್ಸರ್ ಇರುವವರಿಗಂತೂ ತಮ್ಮಂಥ ಇನ್ನೊಬ್ಬರು ಸಿಗುತ್ತಾರೆ, ಅವರು ಭೂಮಿಯ ಆ ತುದಿಯಲ್ಲಿದ್ದರೂ ಸರಿ.

ಸಹಾಯ ಪಡೆದವರಿಗೆ ಸಮಾಧಾನ, ಸರಿ. ಕೊಟ್ಟವರಿಗೆ? ಫ್ರಾಂಕ್ ರೀಸ್‌ಮನ್ ಎಂಬ ಅಮೆರಿಕದ ಮನೋವಿಜ್ಞಾನಿ 1965ರಲ್ಲೇ ಇದರ ಬಗ್ಗೆ ಬರೆದಿದ್ದರು: ಸಹಾಯ ಮಾಡುವವರಿಗೇ ಎಷ್ಟೋ ಸಲ ಜಾಸ್ತಿ ಲಾಭ. ಕ್ಯಾನ್ಸರ್ ಬಂದವರು ತಿಂಗಳುಗಟ್ಟಲೆ ಬರೀ ಇಸಿದುಕೊಳ್ಳುವವರೇ ಆಗಿರುತ್ತಾರೆ. ಯಾರೋ ಅಡುಗೆ ಮಾಡಿಕೊಡುತ್ತಾರೆ, ಯಾರೋ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಅಂಥವರು ಒಬ್ಬ ಹೊಸಬರ ಪ್ರಶ್ನೆಗೆ ಎರಡು ಸಾಲು ಉತ್ತರ ಬರೆದಾಗ ತಮ್ಮಿಂದಲೂ ಒಬ್ಬರಿಗೆ ಉಪಯೋಗವಾಯಿತು ಅನ್ನಿಸುತ್ತದೆ. ಆದರೆ ತನ್ನ ಗಾಯವೇ ಹಸಿಯಾಗಿರುವಾಗ ಊರವರಿಗೆಲ್ಲ ಧೈರ್ಯ ಹೇಳಲು ಹೊರಟರೆ ಸುಸ್ತಾಗುತ್ತದೆ. ಗುಂಪಿನಲ್ಲಿದ್ದೂ ಸುಮ್ನೆ ಇರುವ ಹಕ್ಕು ಎಲ್ಲರಿಗೂ ಇದೆ.

ಹೇಳುವ ರೀತಿಯಲ್ಲೂ ಒಂದು ಹದ ಬೇಕು. ‘ಕೀಮೋ ಹಾಕುವಾಗ ಐಸ್ ಚೀಪಿ, ಬಾಯಿಹುಣ್ಣು ಬರಲ್ಲ’ ಎಂಬ ಸಲಹೆಯನ್ನೇ ತೆಗೆದುಕೊಳ್ಳಿ. ಫ್ಲೋರೊಯುರಾಸಿಲ್ ಔಷಧಿಯನ್ನು ಒಮ್ಮೆಗೇ ಚುಚ್ಚುವಾಗ ಐಸ್ ಚೀಪಿದರೆ ಬಾಯಿಹುಣ್ಣು ಕಡಿಮೆಯಾಗುವುದು ನಿಜ. ಆದರೆ ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡವರಿಗೆ ತಣ್ಣಗಿರುವುದು ಏನೂ ಆಗದು. ಬೆರಳು ಜುಮ್ಮೆನ್ನುತ್ತದೆ, ತಣ್ಣೀರು ಕುಡಿದರೆ ಗಂಟಲು ಕಟ್ಟಿ ಉಸಿರೇ ನಿಂತ ಹಾಗಾಗುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಇವೆರಡನ್ನೂ ಒಟ್ಟಿಗೆ ಕೊಡುವುದೂ ಉಂಟು! ಅದಕ್ಕೇ ಪಳಗಿದವರು ಮೊದಲು ‘ನಿಮಗೆ ಯಾವ ಔಷಧಿ?’ ಅಂತ ಕೇಳುತ್ತಾರೆ. ಆಮೇಲೆ ‘ನನಗೆ ಇಂಥ ಔಷಧಿ ಕೊಟ್ಟಿದ್ದರು, ಹೀಗಾಯ್ತು, ಇದರಿಂದ ಆರಾಮಾಯ್ತು, ನಿಮ್ಮ ನರ್ಸ್ ಹತ್ತಿರ ಒಮ್ಮೆ ಕೇಳಿ ನೋಡಿ’ ಎನ್ನುತ್ತಾರೆ. ‘ನೀವು ಹೀಗೇ ಮಾಡಿ’ ಎಂದು ಅಪ್ಪಣೆ ಕೊಡುವವರಿಂದ ಸ್ವಲ್ಪ ದೂರ ಇರುವುದು ವಾಸಿ.

ಇನ್ನು ಕೆಲವು ಪ್ರಶ್ನೆಗಳಿಗೆ ಗುಂಪಿನಲ್ಲಿ ಒಂದೇ ಉತ್ತರ ಇರಬೇಕು. ಕೀಮೋ ನಡೆಯುತ್ತಿರುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು. ಬಿಳಿ ರಕ್ತಕಣ ಕಡಿಮೆ ಇರುವ ದಿನಗಳಲ್ಲಿ ಸೋಂಕು ಗಂಟೆಗಳಲ್ಲೇ ಜೀವಕ್ಕೆ ಬರಬಹುದು. ಇದಕ್ಕೆ ‘ನನಗೂ ಬಂದಿತ್ತು, ಮಾತ್ರೆ ನುಂಗಿ ಮಲಗಿದೆ’ ಎಂಬ ಉತ್ತರ ಅನುಭವವೇ ಆಗಿದ್ದರೂ ಅಪಾಯ. ಆಸ್ಪತ್ರೆಗೆ ಈಗಲೇ ಫೋನ್ ಮಾಡಿ ಅನ್ನುವುದೇ ಆಗ ಪೀರ್ ಸಪೋರ್ಟ್.

ಸುಳ್ಳು ಮಾಹಿತಿಯ ಕಾಟವೂ ಇದೆ. ನಾಲ್ಕು ಬಗೆಯ ಕ್ಯಾನ್ಸರ್ ಕುರಿತು ಸೋಷಿಯಲ್ ಮೀಡಿಯಾದಲ್ಲಿ ಅತಿ ಹೆಚ್ಚು ಓಡಾಡಿದ 200 ಲೇಖನಗಳನ್ನು ಅಮೆರಿಕದ ಸಂಶೋಧಕರು ತಜ್ಞರಿಂದ ಓದಿಸಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹೆಚ್ಚುಕಡಿಮೆ ಮೂರರಲ್ಲಿ ಒಂದು ಲೇಖನದಲ್ಲಿ ತಪ್ಪು ಮಾಹಿತಿ ಇತ್ತು. ಜನ ಜಾಸ್ತಿ ಲೈಕ್, ಶೇರ್ ಮಾಡಿದ್ದೂ ಅಂಥವನ್ನೇ. ಕೀಮೋ ಬಿಟ್ಟು ಇದನ್ನು ಕುಡಿಯಿರಿ ಅಂತ ಯಾರಾದರೂ ಖಾಸಗಿಯಾಗಿ ಮೆಸೇಜ್ ಮಾಡಿದರೆ ಗುಂಪು ನಡೆಸುವವರಿಗೆ ತಿಳಿಸಿಬಿಡಿ. ಕ್ಯಾನ್ಸರ್ ಇಲ್ಲದೆಯೇ ಇದೆ ಅಂತ ಹೇಳಿಕೊಂಡು ಗುಂಪು ಸೇರುವವರೂ ಇದ್ದಾರೆ. ಮನೋವೈದ್ಯ ಮಾರ್ಕ್ ಫೆಲ್ಡ್‌ಮನ್ 2000ದಲ್ಲಿ ಈ ವರ್ತನೆಗೆ ‘ಮಂಚಾಸನ್ ಬೈ ಇಂಟರ್ನೆಟ್’ ಎಂದು ಹೆಸರಿಟ್ಟರು. ಇವರು ಬಯಸುವುದು ಬಹುಪಾಲು ಜನರ ಗಮನವನ್ನು. ಕೆಲವರು ದುಡ್ಡನ್ನೂ ಕೇಳುತ್ತಾರೆ.

ಗುಂಪು ಸೇರಿದರೆ ಆಯುಸ್ಸು ಹೆಚ್ಚುತ್ತದಾ? ಹೀಗೊಂದು ಆಸೆ ಹುಟ್ಟಿದ್ದು 1989ರಲ್ಲಿ. ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರ ಮೇಲೆ ಡೇವಿಡ್ ಸ್ಪೀಗೆಲ್ ತಂಡ ಮಾಡಿದ ಅಧ್ಯಯನದಲ್ಲಿ ಗುಂಪಿನಲ್ಲಿ ಕೂತವರು ಹೆಚ್ಚು ಕಾಲ ಬದುಕಿದ್ದರು. 2001ರಲ್ಲಿ 235 ಮಹಿಳೆಯರೊಂದಿಗೆ ಬೇರೆ ತಂಡ ಪರೀಕ್ಷಿಸಿದಾಗ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನಸ್ಸು ಹಗುರವಾಗಿತ್ತು, ನೋವು ಕಡಿಮೆ ಅನ್ನಿಸುತ್ತಿತ್ತು, ಅದೂ ಮೊದಲೇ ಜಾಸ್ತಿ ಕುಗ್ಗಿದವರಿಗೆ. ಎರಡೂ ಕಡೆ ಗುಂಪು ನಡೆಸಿದ್ದು ಥೆರಪಿಸ್ಟ್‌ಗಳು ಅನ್ನುವುದನ್ನು ಮರೆಯಬಾರದು. ಬರೀ ರೋಗಿಗಳ ನಡುವಿನ ಮಾತುಕತೆಯನ್ನು ನೋಡಿದ್ದು ವಿಕಿ ಹೆಲ್ಗೆಸನ್ ತಂಡ, 2000ದಲ್ಲಿ. ಮನೆಯಲ್ಲಿ ಆಸರೆ ಇಲ್ಲದವರಿಗೆ ಅದರಿಂದ ಉಪಕಾರವಾಯಿತು. ಆಸರೆ ಚೆನ್ನಾಗಿದ್ದವರಿಗೆ ಉಲ್ಟಾ ಕೆಡುಕೇ ಆಯಿತು. ಅಂದರೆ ಇದು ಎಲ್ಲರಿಗೂ ಬೇಕೇ ಬೇಕು ಅಂತೇನಿಲ್ಲ, ಅಲ್ವಾ?

ಬರೆಯದೆ ಬರೀ ಓದುವವರ ಸಂಖ್ಯೆಯೂ ದೊಡ್ಡದು. 2008ರ ಒಂದು ಡಚ್ ಅಧ್ಯಯನದಲ್ಲಿ ಮಾಹಿತಿ ಸಿಕ್ಕಿತು, ಧೈರ್ಯ ಬಂತು ಎನ್ನುವುದರಲ್ಲಿ ಬರೆಯುವವರಿಗೂ ಓದುವವರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಒಡನಾಟದ ಖುಷಿ ಮಾತ್ರ ಓದುಗರಿಗೆ ಕಡಿಮೆ. ಹೊಸಬರು ಕೆಲವು ದಿನ ಸುಮ್ನೆ ಓದಿ ಗುಂಪಿನ ಹವಾ ತಿಳಿದುಕೊಳ್ಳುವುದು ಒಳ್ಳೆಯದು.

ಮಾತಿನ ವಿಷಯಕ್ಕೆ ಬಂದರೆ ‘ಹೋರಾಡಿ, ಗೆಲ್ಲುತ್ತೀರಿ’ ಎಂಬ ಮಾತು ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಹಾಗಾದರೆ ಹೋದವರು ಸರಿಯಾಗಿ ಹೋರಾಡಲಿಲ್ಲವೇ? ಅದೇ ಗುಂಪಿನಲ್ಲಿ ಔಷಧಿ ಕೆಲಸ ಮಾಡದವರೂ ಓದುತ್ತಿರುತ್ತಾರೆ. ಸ್ಕ್ಯಾನ್ ಚೆನ್ನಾಗಿ ಬಂತು ಅಂತ ಬರೆಯಲು ಹಿಂಜರಿಯುವವರೂ ಇದ್ದಾರೆ. ಬರೆಯಿರಿ, ಹೊಸಬರಿಗೆ ಅದು ಬೇಕು.

ರೋಗಿಯನ್ನು ನೋಡಿಕೊಳ್ಳುವ ಮನೆಯವರಿಗೆ ಮಾತ್ರ ಬೇರೆ ಗುಂಪು ಇದ್ದರೆ ಒಳ್ಳೆಯದು. ಅವರಿಗೂ ಸಿಟ್ಟು ಬರುತ್ತದೆ, ಸಾಕಾಗಿ ಹೋಗುತ್ತದೆ, ಇವರು ಹೋದರೆ ನನ್ನ ಗತಿಯೇನು ಎಂಬ ಭಯ ಇರುತ್ತದೆ. ಅದನ್ನೆಲ್ಲ ಬಿಚ್ಚಿ ಹೇಳಬೇಕಾದರೆ ಕಾಯಿಲೆಯವರ ಕಣ್ಣಿಗೆ ಬೀಳದ ಜಾಗ ಬೇಕಾಗುತ್ತದೆ.