ನಾಣ್ಯವನ್ನು ನೀರಿನಲ್ಲಿ ತೂಗಿದಾಗ

ನಾಣ್ಯವೆಂದರೆ ದುಂಡಗಿರಲೇಬೇಕು ಎಂಬ ನಮ್ಮ ನಂಬಿಕೆಯನ್ನು ವಿಜಯಪುರದ ಆದಿಲ್‌ಶಾಹಿಗಳು ಮೂರೂವರೆ ಶತಮಾನದ ಹಿಂದೆಯೇ ಸುಳ್ಳು ಮಾಡಿದ್ದಾರೆ. ಎರಡನೇ ಅಲಿ ಆದಿಲ್‌ಶಾಹನ (1656–1672) ಹೆಸರಿನಲ್ಲಿ ಹೊರಟ ‘ಲಾರಿ’ ಎಂಬ ಬೆಳ್ಳಿ ನಾಣ್ಯ ನೋಡುವುದಕ್ಕೆ ಹೆಂಗಸರ ತಲೆಪಿನ್ನಿನಂತಿದೆ. ಐದು ಗ್ರಾಂಗಿಂತ ತುಸು ಕಡಿಮೆ ತೂಗುವ ಬೆಳ್ಳಿಯ ತಂತಿಯೊಂದನ್ನು ನಡುವೆ ಮಡಚಿ, ಎರಡೂ ಎಳೆಗಳನ್ನು ಕೂಡಿಸಿ ತಟ್ಟಿ, ಅದರ ಮೇಲೆ ಅಚ್ಚು ಒತ್ತಿದ್ದಾರೆ. ಅಚ್ಚಿನಲ್ಲಿ ದೊರೆಯ ಹೆಸರು ಪೂರ್ತಿಯಾಗಿದ್ದರೂ ತಂತಿಯ ಅಗಲ ತೀರ ಕಡಿಮೆಯಿರುವುದರಿಂದ ಮೈಮೇಲೆ ಮೂಡುವುದು ಪಾರಸಿ ಅಕ್ಷರಗಳ ಕೆಲವು ಚೂರುಗಳು ಮಾತ್ರ. ಪರ್ಶಿಯಾದ ಲಾರ್ ಪಟ್ಟಣದಿಂದ ಹೆಸರು ಪಡೆದ ಈ ತಂತಿಹಣ ಹೊರ್ಮುಜ್, ಕೊಂಕಣದ ಬಂದರುಗಳು, ಮಾಲ್ದೀವ್ಸ್, ಸಿಂಹಳ ಎನ್ನುತ್ತ ಸಮುದ್ರದ ದಂಡೆಯುದ್ದಕ್ಕೂ ಚಲಾವಣೆಯಲ್ಲಿತ್ತು. ಮಾಲ್ದೀವ್ಸ್‌ನಲ್ಲಿ ರುಫಿಯಾದ ನೂರನೆಯ ಒಂದು ಪಾಲಿಗೆ ಇಂದಿಗೂ ಲಾರಿ ಎಂದೇ ಹೆಸರು.

ಮೇಲಿನ ಬರಹವನ್ನು ಯಾರೂ ಪೂರ್ತಿ ಓದಲಾಗದಂಥ ಈ ನಾಣ್ಯವನ್ನು ಹತ್ತು ಭಾಷೆಗಳ ವರ್ತಕರು ಯಾವ ಧೈರ್ಯದಿಂದ ತೆಗೆದುಕೊಂಡರು? ಉತ್ತರ ಲಾರಿಯ ಮೈಮೇಲೆಯೇ ಇದೆ. ಉಳಿದು ಬಂದಿರುವ ಹಲವು ಲಾರಿಗಳ ಮೇಲೆ ಉಳಿಯ ಗಾಯಗಳಿವೆ. ತೆಗೆದುಕೊಳ್ಳುವವನು ಒಂದು ಏಟು ಹಾಕಿ ಒಳಗೂ ಬೆಳ್ಳಿಯೇ ಇದೆಯೇ ಎಂದು ನೋಡಿಕೊಂಡ ಗುರುತುಗಳು ಅವು. ನಾಣ್ಯ ಕೂಡಿಡುವ ಹವ್ಯಾಸಕ್ಕೆ ಹೊಸದಾಗಿ ಬಂದವರು ರಾಜನ ಮುಖ, ಇಸವಿ, ದೇಶದ ಹೆಸರು ಇವನ್ನು ಮೊದಲು ನೋಡುತ್ತಾರೆ. ನಾನಂತೂ ಅವನ್ನು ಕೊನೆಗೆ ನೋಡುವ ರೂಢಿ ಮಾಡಿಕೊಂಡಿದ್ದೇನೆ, ಏಕೆಂದರೆ ಚಿತ್ರವನ್ನು ಯಾರು ಬೇಕಾದರೂ ಕದಿಯಬಹುದು. ತೂಕ, ಗಾತ್ರ, ದನಿ, ಅಂಚು ಇವು ನಾಲ್ಕನ್ನೂ ಒಟ್ಟಿಗೆ ಕದಿಯುವುದು ಬಹಳ ಕಷ್ಟ.

ಇದನ್ನು ನನಗೆ ಕಣ್ಣಾರೆ ತೋರಿಸಿಕೊಟ್ಟವರು ನಮ್ಮ ಓಣಿಯ ಪತ್ತಾರ ಕಾಕಾ. ಒಮ್ಮೆ ಮೂರು ಹಳೆಯ ರೂಪಾಯಿಗಳನ್ನು ಅವರ ಅಂಗಡಿಗೆ ಒಯ್ದಿದ್ದೆ: 1919ರದು ಒಂದು, 1944ರದು ಒಂದು, ಹಿಂಬದಿಯಲ್ಲಿ ಹುಲಿಯಿರುವ 1947ರದು ಒಂದು. ಮೂರೂ ಹೊಸದಾಗಿದ್ದಾಗ ಒಂದೇ ತೂಕದವು, ಅಂದರೆ 11.66 ಗ್ರಾಂ, ಸರಿಯಾಗಿ ಒಂದು ತೊಲೆ. ಅವರು ಚಿನ್ನ ತೂಗುವ ತಕ್ಕಡಿಯ ಮೇಲೆ ನೀರಿನ ಬಟ್ಟಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಿಂದ ಕಟ್ಟಿ ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟರು. ನೀರು ನಾಣ್ಯವನ್ನು ಎಷ್ಟು ಬಲದಿಂದ ಮೇಲಕ್ಕೆ ನೂಕುತ್ತದೆಯೋ ಅಷ್ಟೇ ಬಲದಿಂದ ಬಟ್ಟಲು ಕೆಳಕ್ಕೆ ಒತ್ತಲ್ಪಡುತ್ತದೆ. ಹಾಗಾಗಿ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕವನ್ನು. ನಾಣ್ಯದ ತೂಕವನ್ನು ಆ ಅಂಕಿಯಿಂದ ಭಾಗಿಸಿದರೆ ಲೋಹದ ಸಾಂದ್ರತೆ ಕೈಗೆ ಬರುತ್ತದೆ, ಸವೆದ ನಾಣ್ಯದಲ್ಲೂ ಅದು ಬದಲಾಗುವುದಿಲ್ಲ.

ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿರುವ 1919ರ ರೂಪಾಯಿ ಸವೆಯದೆ ಇದ್ದರೆ ಸುಮಾರು 1.13 ಗ್ರಾಂ ನೀರನ್ನು ಸರಿಸಬೇಕು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬೆಳ್ಳಿಯ ಕೊರತೆ ಬಿದ್ದು 1940ರಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು; ಉಳಿದರ್ಧದಲ್ಲಿ ತಾಮ್ರವೇ ಹೆಚ್ಚು, ಜೊತೆಗೆ ಒಂದಿಷ್ಟು ನಿಕ್ಕಲ್ ಮತ್ತು ಸತು. ಹಗುರ ಲೋಹಗಳು ಸೇರಿದ್ದರಿಂದ ಅದೇ ತೂಕಕ್ಕೆ ಹೆಚ್ಚು ಜಾಗ ಬೇಕು, ಲೆಕ್ಕ 1.22ರ ಹತ್ತಿರಕ್ಕೆ ಬರುತ್ತದೆ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ಬರೀ ನಿಕ್ಕಲ್, ಲೆಕ್ಕ 1.31. ಹೀಗೆ ಒಂದು ಸಾಮ್ರಾಜ್ಯದ ಬೊಕ್ಕಸ ಬರಿದಾದ ಕಥೆ ನೀರಿನ ಬಟ್ಟಲಿನಲ್ಲಿ ಗ್ರಾಮಿನ ಹತ್ತನೆಯ ಒಂದು ಪಾಲಿನ ಅಂತರದಲ್ಲಿ ಕಾಣಿಸಿತು. ಕಾಕಾ ಕೊನೆಯ ನಾಣ್ಯಕ್ಕೆ ತಕ್ಕಡಿಯ ಗೊಡವೆಗೇ ಹೋಗಲಿಲ್ಲ, ಆಯಸ್ಕಾಂತ ಹಿಡಿದರು. ಅದು ಟಕ್ಕನೆ ಅಂಟಿತು. ಬೆಳ್ಳಿಗೂ ತಾಮ್ರಕ್ಕೂ ಆಯಸ್ಕಾಂತದ ಹಂಗಿಲ್ಲ.

ಹಿಂದಿನವರು ಬಂದಾ ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ ದನಿ ಕೇಳುತ್ತಿದ್ದುದೂ ಇಂಥದೇ ಪರೀಕ್ಷೆ. ಬೆಳ್ಳಿ ಮಿಶ್ರಲೋಹದಲ್ಲಿ ಕಂಪನ ಬೇಗ ಅಡಗುವುದಿಲ್ಲವಾದ್ದರಿಂದ ಅದು ಖಣ್ಣೆಂದು ಎಳೆದು ನುಡಿಯುತ್ತದೆ; ಖೋಟಾ ನಾಣ್ಯದ ಸೀಸ ಮೆತುವಾದ ಲೋಹ, ಕಂಪನದ ಶಕ್ತಿಯನ್ನು ತನ್ನೊಳಗೇ ನುಂಗಿ ಡಬ್ಬೆನ್ನುತ್ತದೆ.

ಅಂಚಿನ ಕಥೆ ಬೇರೆ. ಬೆಳ್ಳಿ ಬಂಗಾರದ ನಾಣ್ಯಗಳ ಅಂಚನ್ನು ಒಂದಿಷ್ಟು ಕತ್ತರಿಸಿಕೊಂಡು ನಾಣ್ಯವನ್ನು ಪೂರ್ತಿ ಬೆಲೆಗೇ ದಾಟಿಸುವ ಕಳ್ಳತನ ಎಲ್ಲ ದೇಶಗಳಲ್ಲೂ ಇತ್ತು. ಅಂಚಿಗೆ ಗೀರುಗಳನ್ನೋ ಅಕ್ಷರಗಳನ್ನೋ ಕೊಟ್ಟರೆ ಕತ್ತರಿಸಿದ್ದು ಕೂಡಲೇ ಬಯಲಾಗುತ್ತದೆ. 1696ರಲ್ಲಿ ಐಸಾಕ್ ನ್ಯೂಟನ್ ಲಂಡನ್ನಿನ ಟಂಕಸಾಲೆಗೆ ಅಧಿಕಾರಿಯಾಗಿ ಬಂದಾಗ ಇಂಗ್ಲೆಂಡು ಕತ್ತರಿ ತಿಂದ ಹಳೆಯ ಬೆಳ್ಳಿ ನಾಣ್ಯಗಳನ್ನೆಲ್ಲ ಹಿಂದಕ್ಕೆ ಪಡೆದು, ಕರಗಿಸಿ, ಅಂಚು ಕಟ್ಟಿದ ಹೊಸ ನಾಣ್ಯಗಳನ್ನು ಹೊರಡಿಸುತ್ತಿತ್ತು. ಈಗ ಉಕ್ಕಿನ ರೂಪಾಯಿಯನ್ನು ಕತ್ತರಿಸಿ ಯಾರಿಗೂ ಲಾಭವಿಲ್ಲ. ಆದರೂ ಗೀರುಗಳು ಉಳಿದಿವೆ, ಕಣ್ಣಿಲ್ಲದವರ ಬೆರಳಿಗೆ ಅವೇ ಗುರುತು.

ಲೋಹದ ಬೆಲೆಯೂ ನಾಣ್ಯದ ಬೆಲೆಯೂ ಬೇರೆಯಾದ ಮೇಲೆ ನಂಬಿಕೆಯನ್ನು ಕಟ್ಟುವ ಕೆಲಸ ಇನ್ನಷ್ಟು ಸೂಕ್ಷ್ಮವಾಯಿತು. ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ 28 ಗ್ರಾಂ ತೂಕದ ‘ಥೇಲರ್’ ಎಂಬ ಬೆಳ್ಳಿ ನಾಣ್ಯದ ಮೇಲೆ 1780 ಎಂಬ ಇಸವಿಯಿದೆ. ಆಕೆ ತೀರಿಕೊಂಡ ವರ್ಷವದು. ಕೆಂಪು ಸಮುದ್ರದ ಸುತ್ತಿನ ವ್ಯಾಪಾರಿಗಳು ಆ ಮುಖಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಮುಂದಿನ ಎಲ್ಲ ಅಚ್ಚುಗಳಲ್ಲೂ ಅದೇ ಇಸವಿಯನ್ನು ಉಳಿಸಿಕೊಳ್ಳಬೇಕಾಯಿತು. 1940–41ರಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯಲ್ಲೂ 1780ರ ಥೇಲರ್‌ಗಳು ಅಚ್ಚಾದವು. ನಾಣ್ಯದ ಮೇಲಿನ ಇಸವಿಯನ್ನು ಕಣ್ಣುಮುಚ್ಚಿ ನಂಬುವವರು ಇದನ್ನು ನೆನಪಿಡುವುದು ಒಳ್ಳೆಯದು. ಇನ್ನೊಂದು ದಿಕ್ಕಿನ ಉದಾಹರಣೆ ನಮ್ಮ ಕಿರಾಣಿ ಅಂಗಡಿಗಳಲ್ಲೇ ಸಿಗುತ್ತದೆ. ಹತ್ತು ರೂಪಾಯಿಯ ನಾಣ್ಯದ ಮೇಲಿನ ಗೆರೆಗಳು ಹತ್ತಿರಬೇಕೋ ಹದಿನೈದಿರಬೇಕೋ ಎಂಬ ಗಾಳಿಸುದ್ದಿ ಹಬ್ಬಿ, ಅದನ್ನು ಮುಟ್ಟಲು ಜನ ಹಿಂಜರಿದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹದಿನಾಲ್ಕೂ ಬಗೆಯ ವಿನ್ಯಾಸಗಳು ಸಾಚಾ ಎಂದು ಪ್ರಕಟಣೆ ಹೊರಡಿಸಬೇಕಾಯಿತು. ಓದಲಾಗದ ಲಾರಿಯನ್ನು ನಂಬಿದ ಊರಿನ ಮೊಮ್ಮಕ್ಕಳು ಓದಬಲ್ಲ ನಾಣ್ಯವನ್ನು ನಂಬಲಿಲ್ಲ.

ವಾಸ್ತವದಲ್ಲಿ ಈ ಹತ್ತು ರೂಪಾಯಿಯಂತೆ ಎರಡು ಲೋಹಗಳನ್ನು ಒಂದರೊಳಗೊಂದು ಕೂರಿಸಿದ ನಾಣ್ಯವನ್ನು ನಕಲು ಮಾಡುವುದು ಸುಲಭವಲ್ಲ. ನಾಣ್ಯ ನುಂಗುವ ಯಂತ್ರಗಳಲ್ಲಿ ತಂತಿಯ ಸುರುಳಿಯೊಂದು ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ನಾಣ್ಯ ಅದರ ಎದುರಿನಿಂದ ಉರುಳುವಾಗ ಲೋಹದೊಳಗೆ ಏಳುವ ಸುಳಿ ವಿದ್ಯುತ್ತು ಆ ಕ್ಷೇತ್ರವನ್ನು ಕದಡುವ ರೀತಿಯಿಂದ ಯಂತ್ರ ಅದರ ಜಾತಕ ಓದುತ್ತದೆ. ಎರಡು ಲೋಹಗಳಿದ್ದರೆ ಎರಡು ಸಹಿಗಳು ಒಟ್ಟಿಗೆ ಕೂಡಿಬರಬೇಕು. ಬ್ರಿಟನ್ನಿನ ಏಳು ಬಾಹುಗಳ 50 ಪೆನ್ಸ್ (1969) ಇನ್ನೊಂದು ಜಾಣತನ: ದುಂಡಗಿಲ್ಲದಿದ್ದರೂ ಬಾಹುಗಳನ್ನು ತುಸು ಬಾಗಿಸಿರುವುದರಿಂದ ಯಾವ ದಿಕ್ಕಿನಿಂದ ಅಳೆದರೂ ಅಗಲ ಒಂದೇ, ಯಂತ್ರದ ಸಂದಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಹಗುರ ನಾಣ್ಯಗಳಲ್ಲಿ ನನಗೆ ಪ್ರಿಯವಾದದ್ದು ಜಪಾನಿನ ಒಂದು ಯೆನ್. ಅಪ್ಪಟ ಅಲ್ಯುಮಿನಿಯಂ, ಸರಿಯಾಗಿ ಒಂದು ಗ್ರಾಂ ತೂಕ, ಎರಡು ಸೆಂಟಿಮೀಟರ್ ಅಗಲ. ಊಟದ ತಾಟಿನಲ್ಲಿ ನೀರು ತುಂಬಿ ಅದನ್ನು ಮಟ್ಟಸವಾಗಿ ಮೆಲ್ಲಗೆ ಇಟ್ಟರೆ, ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಸಾಂದ್ರವಾದ ಈ ಲೋಹ ಮುಳುಗದೆ ನಿಲ್ಲುತ್ತದೆ; ನೀರಿನ ಮೇಲ್ಮೈ ಎಳೆತ ಅದನ್ನು ಹಾಸಿಗೆಯಂತೆ ಹೊರುತ್ತದೆ, ಅಂಚಿನ ಸುತ್ತ ನೀರು ತಗ್ಗಾಗಿ ಬಾಗಿರುವುದು ಓರೆಯಿಂದ ನೋಡಿದರೆ ಕಾಣುತ್ತದೆ. ಯೆನ್ ಸಿಗದವರು ನಮ್ಮ ಹಳೆಯ ಎರಡು ಪೈಸೆಯ ಅಲ್ಯುಮಿನಿಯಂ ನಾಣ್ಯದಿಂದಲೂ ಇದನ್ನು ಮಾಡಿ ನೋಡಬಹುದು. ಒಂದು ಹನಿ ಸಾಬೂನು ನೀರು ಬಿದ್ದರೆ ಆಟ ಮುಗಿಯಿತು.

ಇನ್ನು ನನ್ನ ತಪ್ಪಿನ ಮಾತು. ಹವ್ಯಾಸದ ಮೊದಲ ವರ್ಷ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಬಟ್ಟೆ ಹಾಸಿ ಕುಳಿತವನೊಬ್ಬನ ಬಳಿ ಆದಿಲ್‌ಶಾಹಿ ಕಾಲದ ತಾಮ್ರದ ದುಡ್ಡೊಂದನ್ನು ಕೊಂಡು, ಮನೆಗೆ ಬಂದವನೇ ತಾಮ್ರದ ಹಂಡೆ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅದು ಗುಲಾಬಿ ಬಣ್ಣಕ್ಕೆ ತಿರುಗಿ ಥಳಥಳಿಸಿತು, ಅಕ್ಷರಗಳು ಮಾತ್ರ ಮಾಯವಾಗಿದ್ದವು. ತಾಮ್ರ ಗಾಳಿಯೊಡನೆ ಕೂಡಿ ಮೊದಲು ಕೆಂಗಂದು, ಮೇಲೆ ಕಪ್ಪು ಆಕ್ಸೈಡಿನ ಪದರ ಕಟ್ಟಿಕೊಳ್ಳುತ್ತದೆ. ನೂರಾರು ವರ್ಷಗಳಲ್ಲಿ ಲೋಹದ ಮೇಲ್ಮೈಯೇ ಈ ಪದರವಾಗಿ ಮಾರ್ಪಡುವುದರಿಂದ ಸವೆದ ಅಕ್ಷರದ ಕೊನೆಯ ಉಬ್ಬು ಉಳಿದಿರುವುದು ಅದರಲ್ಲಿಯೇ. ಹುಣಸೆಯ ಟಾರ್ಟಾರಿಕ್ ಆಮ್ಲ ಕರಗಿಸುವುದೂ ಅದನ್ನೇ. “ತಿಕ್ಕಬ್ಯಾಡ್ರಿ, ಅದು ಹೊಲಸಲ್ಲ, ಅದರ ಚರ್ಮ” ಎಂದು ಪತ್ತಾರ ಕಾಕಾ ಆಮೇಲೆ ಬೈದರು.

ಹಳೆಯ ತಾಮ್ರದ ಮೇಲೆ ಕಟ್ಟುವ ಎಲ್ಲ ಹಸಿರೂ ಒಳ್ಳೆಯದಲ್ಲ ಎಂಬುದೂ ನಿಜ. ಗಟ್ಟಿಯಾಗಿ ಅಂಟಿದ ಕಡುಹಸಿರು ತಾಮ್ರದ ಕಾರ್ಬೊನೇಟು, ಅದರಿಂದ ತೊಂದರೆಯಿಲ್ಲ. ಉಗುರು ತಾಗಿದರೆ ಪುಡಿಯಾಗಿ ಉದುರುವ ತಿಳಿಹಸಿರು ಕಂಡರೆ ಎಚ್ಚರವಿರಬೇಕು; ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡು ಗಾಳಿಯ ತೇವದೊಡನೆ ಸೇರಿ ಆಮ್ಲ ಹುಟ್ಟಿಸುತ್ತ, ಆ ಆಮ್ಲ ಹೊಸ ತಾಮ್ರವನ್ನು ತಿನ್ನುತ್ತ, ನಾಣ್ಯವನ್ನು ಒಳಗಿನಿಂದ ಟೊಳ್ಳು ಮಾಡುತ್ತದೆ. ಉಪ್ಪು ನೀರಿಗೆ ಹೆಸರಾದ ಡೋಣಿ ನದಿಯ ದಂಡೆಯ ಎರೆಯಲ್ಲಿ ಹೂತಿದ್ದ ತಾಮ್ರಕ್ಕೆ ಈ ಭಯ ಹೆಚ್ಚು. (ಹೊಲದಲ್ಲಿ ಹೂತಿಟ್ಟ ಹಣ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ.) ಪೆಟ್ಟಿಗೆಯೊಳಗೆ ಬಂದ ಮೇಲೆ ಮಾತ್ರ ನಮ್ಮ ಜಿಲ್ಲೆಯ ಒಣ ಹವೆ ಉಪಕಾರಿ, ಕಾರವಾರದವರು ಸಿಲಿಕಾ ಜೆಲ್ ಪೊಟ್ಟಣಗಳನ್ನು ಬದಲಿಸುತ್ತ ಕೂರಬೇಕು. ಅಗ್ಗದ ಪಿವಿಸಿ ಆಲ್ಬಮ್ಮುಗಳು ಇಬ್ಬರಿಗೂ ಶತ್ರು, ಆ ಪ್ಲಾಸ್ಟಿಕ್ಕು ಹಳತಾದಂತೆ ಆಮ್ಲ ಬಿಟ್ಟು ನಾಣ್ಯಕ್ಕೆ ಹಸಿರು ಜಿಡ್ಡು ಮೆತ್ತುತ್ತದೆ.

ಆ ಜಾತ್ರೆಯ ನಂತರ ಅಂಥದೇ ಇನ್ನೆರಡು ದುಡ್ಡುಗಳನ್ನು ಕೊಂಡಿದ್ದೇನೆ, ತೊಳೆದಿಲ್ಲ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು ಆಗಿರುವುದರಿಂದ ಒಂದರಲ್ಲಿ ಬರಹದ ಬಲಭಾಗ ಬಿದ್ದಿದೆ, ಇನ್ನೊಂದರಲ್ಲಿ ನಡುಭಾಗ. ಓರೆ ಬಿಸಿಲಿಗೆ ಹಿಡಿದು ಎರಡನ್ನೂ ಕಾಗದದ ಮೇಲೆ ಬರೆದುಕೊಂಡು ಜೋಡಿಸಿದರೆ ಸಾಲು ಮುಕ್ಕಾಲು ತುಂಬುತ್ತದೆ. ಎಡಭಾಗ ಬಹುಶಃ ನಾನು ತಿಕ್ಕಿದ ನಾಣ್ಯದಲ್ಲಿತ್ತು.