ಧೂಳಖೇಡ ಚೆಕ್‌ಪೋಸ್ಟ್‌ಗೂ ಹಿಂದಿನ ಕಥೆ

2020ರ ಮೇ ತಿಂಗಳು. ಸೊಲ್ಲಾಪುರದ ಕಡೆಯಿಂದ ಭೀಮಾ ನದಿ ದಾಟಿ ಬಂದವರನ್ನು ಧೂಳಖೇಡದ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸುತ್ತಿದ್ದರು. ತಲೆ ಮೇಲೆ ಗಂಟು, ಬಗಲಲ್ಲಿ ಕೂಸು. ಇವರೇ ರೋಗ ತರುತ್ತಿದ್ದಾರೆ, ಜ್ವರ ಇದ್ದರೂ ಬಾಯಿ ಬಿಡುವುದಿಲ್ಲ, ತಿಳಿವಳಿಕೆ ಇಲ್ಲದ ಮಂದಿ ಅನ್ನುವ ಮಾತು ಆಗ ವಿಜಯಪುರದ ಓಣಿ ಓಣಿಯಲ್ಲಿತ್ತು. ಈಗಲೂ ಹಾಗೇ ನೆನೆಯುವವರಿದ್ದಾರೆ. ಆದರೆ ಅವರು ಯಾಕೆ ಹೋಗಿದ್ದರು, ಜ್ವರ ಯಾಕೆ ಮುಚ್ಚಿಟ್ಟರು ಅಂತ ಕೇಳುತ್ತಾ ಹೋದರೆ ಕಥೆ ಬಹಳ ಹಿಂದಕ್ಕೆ ಹೋಗುತ್ತದೆ.

ನಮ್ಮ ಊರುಗಳನ್ನು ಖಾಲಿ ಮಾಡಿಸಿದ್ದು ಬರ. ವಿಜಯಪುರ, ಬಾಗಲಕೋಟೆ ಎರಡೂ ಆಗ ಕಲಾದಗಿ ಜಿಲ್ಲೆ. 1876–78ರ ಬರ ಮುಗಿಯುವ ಹೊತ್ತಿಗೆ ಅಲ್ಲಿ ಐದರಲ್ಲಿ ಸುಮಾರು ಒಂದು ಪಾಲು ಜನ ಕಡಿಮೆಯಾಗಿದ್ದರು. ಸತ್ತವರೂ ಇದ್ದರು, ಊರು ಬಿಟ್ಟವರೂ ಇದ್ದರು. 1884ರಲ್ಲಿ ಹೋಟಗಿ–ಗದಗ ರೈಲು ಬಂತು. ಮಳೆ ಕೈಕೊಟ್ಟ ವರ್ಷ ಸೊಲ್ಲಾಪುರಕ್ಕೋ ಮುಂಬೈಗೋ ಹೋಗುವುದು ಸುಲಭವಾಯಿತು.

ಆದರೆ ರೈಲು ಹತ್ತಿ ರೋಗವೂ ಬರುತ್ತದೆ. 1896ರಲ್ಲಿ ಮುಂಬೈಯಲ್ಲಿ ಪ್ಲೇಗು ಕಾಣಿಸಿತು. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ಸರ್ಕಾರಗಳು ಮತ್ತೆ ಕೈಗೆತ್ತಿಕೊಂಡದ್ದು ಅದನ್ನೇ. ಪುಣೆಯಲ್ಲಿ ಸಿಪಾಯಿಗಳು ಮನೆ ಹೊಕ್ಕು ರೋಗಿಗಳನ್ನು ಹುಡುಕಿದರು, ಜನ ರೋಗಿಗಳನ್ನು ಬಚ್ಚಿಟ್ಟರು. ನಮ್ಮ ಕಡೆ ಪ್ಲೇಗಿನ ಗುರುತಾಗಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಹಿರಿಯರು ಇದನ್ನು ಬುದ್ಧಿವಂತಿಕೆ ಅಂತ ಹೇಳುತ್ತಾರೆ. ನಿಜ. ಆದರೆ ಗುಡಿಸಲು ಹಾಕಲು ಹೊಲ ಇರಬೇಕು, ದುಡಿಯದೆ ಕೂತು ಉಣ್ಣಲು ಹಗೇವಿನಲ್ಲಿ ಜೋಳ ಇರಬೇಕು. ಎರಡೂ ಇಲ್ಲದವರು ಎಲ್ಲಿಗೆ ಹೋಗಬೇಕಿತ್ತು?

1918ರ ಇನ್‌ಫ್ಲುಯೆಂಜಾ ಇದನ್ನು ಲೆಕ್ಕದಲ್ಲೇ ತೋರಿಸಿತು. ಆ ವರ್ಷ ಮುಂಬೈ ನಗರದಲ್ಲಿ ಸಾವಿರ ಯುರೋಪಿಯನ್ನರಲ್ಲಿ ಸುಮಾರು 8 ಜನ ಈ ಜ್ವರಕ್ಕೆ ಸತ್ತರು. 'ಕೆಳಜಾತಿ' ಅಂತ ಬರೆಸಿಕೊಂಡವರಲ್ಲಿ ಸಾವಿರಕ್ಕೆ ಸುಮಾರು 61. ರೋಗ ಒಂದೇ, ಊರೂ ಒಂದೇ. ಬೇರೆ ಇದ್ದದ್ದು ಮಲಗುವ ಜಾಗ, ಹೊಟ್ಟೆಗೆ ಬೀಳುವ ಅನ್ನ, ಕಾಯಿಲೆ ಬಿದ್ದಾಗ ನೋಡಿಕೊಳ್ಳುವ ಕೈ.

ಆಮೇಲೆ ಸಿಡುಬು ಹೋಯಿತು, ಆಲಮಟ್ಟಿ ಅಣೆಕಟ್ಟು ಎದ್ದಿತು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ದುಡಿಯಲು ಹೋಗುವುದು ಮಾತ್ರ ನಿಲ್ಲಲಿಲ್ಲ. ತಾಂಡಾಗಳಿಂದ ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರಕ್ಕೆ. ಕಟ್ಟಡದ ಕೆಲಸಕ್ಕೆ ಪುಣೆಗೆ, ಗೋವಾಕ್ಕೆ.

ಹಾಗಾಗಿ 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ನಮ್ಮವರು ಎಲ್ಲೆಲ್ಲೋ ಇದ್ದರು. ಜಾರಿಗೆ ಬರಲು ಇದ್ದದ್ದು ನಾಲ್ಕೇ ತಾಸು. 'ಮನೆಯಲ್ಲೇ ಇರಿ' ಅಂದರು. ಒಂದೇ ಕೋಣೆಯಲ್ಲಿ ಆರು ಜನ ಇರುವವರಿಗೆ, ಹತ್ತು ಮನೆಗೆ ಒಂದು ಶೌಚಾಲಯ ಇರುವವರಿಗೆ ಆ ಮಾತಿಗೆ ಅರ್ಥವೇ ಇರಲಿಲ್ಲ. ಗೋವಾದ ವಾಸ್ಕೋ ಪಟ್ಟಣದ ಮಾಂಗೋರ್ ಹಿಲ್‌ನಲ್ಲಿ ಉತ್ತರ ಕರ್ನಾಟಕದ ಕುಟುಂಬಗಳು ಬಹಳ. ಒತ್ತೊತ್ತಾದ ಮನೆಗಳ ಆ ಗುಡ್ಡ ಜೂನ್‌ನಲ್ಲಿ ಕಂಟೈನ್‌ಮೆಂಟ್ ವಲಯವಾಯಿತು. ಅಲ್ಲಿ ದೂರ ದೂರ ನಿಲ್ಲುವುದು ಹೇಗೆ?

ಕೆಲಸ ನಿಂತ ಮೇಲೆ ಊರಿಗೆ ಬರುವುದೊಂದೇ ದಾರಿ. ಆದರೆ ಮೇ 18ರಂದು ಮಹಾರಾಷ್ಟ್ರ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆವರೆಗೆ ಕರ್ನಾಟಕದ ಬಾಗಿಲು ಮುಚ್ಚಿತು. ಬಂದವರಿಗೆ ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್. ನಮ್ಮ ಶಾಲೆ ಕೊಡುವುದಿಲ್ಲ ಅಂತ ಎಷ್ಟೋ ಊರುಗಳು ಜಗಳಕ್ಕೆ ನಿಂತವು. ಊರ ಬಾಯಿಗೆ ಮುಳ್ಳುಕಂಟಿ ಹಚ್ಚಿದರು. ತಾವು ಹುಟ್ಟಿದ ಊರಿನ ಹೊರಗೇ ಮರದ ಕೆಳಗೆ ದಿನ ಕಳೆದವರನ್ನು ನಾನೇ ಕಂಡಿದ್ದೇನೆ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಹಿಂಡುತ್ತದೆ. ಕಂಟಿ ಹಚ್ಚಿದವರೂ ಕೆಟ್ಟವರಲ್ಲ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲದ ಊರು ಹೆದರದೆ ಇನ್ನೇನು ಮಾಡೀತು?

ಕೈ ಮೇಲೆ ಕ್ವಾರಂಟೈನ್ ಶಿಕ್ಕಾ, ಬಾಗಿಲಿಗೆ ಚೀಟಿ. ಶಿಕ್ಕಾ ಬಿದ್ದ ಕೈಗೆ ಯಾರೂ ಕೆಲಸ ಕೊಡಲಿಲ್ಲ, ಚೀಟಿ ಬಿದ್ದ ಮನೆಗೆ ಹಾಲಿನವನೂ ಬರಲಿಲ್ಲ. ಅಧಿಕಾರಿಯ ಆದೇಶವಿಲ್ಲದೆ ಮನೆಗೆ ಚೀಟಿ ಅಂಟಿಸಬೇಡಿ ಅಂತ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಇನ್ನು ದುಡ್ಡಿನ ಲೆಕ್ಕ ನೋಡಿ. ಆ ವರ್ಷ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275 ರೂಪಾಯಿ. ಹದಿನಾಲ್ಕು ದಿನ ಕೂತರೆ 3,850 ರೂಪಾಯಿ ಹೋಯಿತು. ತಲೆಗೆ 5 ಕೆಜಿ ಧಾನ್ಯ ಪುಕ್ಕಟೆ ಸಿಕ್ಕಿತು, ಅದು ದೊಡ್ಡ ಆಸರೆಯೇ. ಆದರೆ ಎಣ್ಣೆ, ಔಷಧ, ಸಾಲದ ಕಂತು? ಇಷ್ಟೆಲ್ಲ ಗೊತ್ತಿದ್ದವರು 'ನನಗೆ ಜ್ವರ' ಅಂತ ಸುಮ್ನೆ ಹೋಗಿ ಹೇಳುತ್ತಾರಾ? ಒಂದು ಕ್ರೋಸಿನ್ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಅದನ್ನು ಅಜ್ಞಾನ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಂಥ ಮನೆಗಳ ಬಾಗಿಲು ತೆರೆಸಿದವರು ಆಶಾ ಕಾರ್ಯಕರ್ತೆಯರು. ಅದೇ ಊರಿನ ಸೊಸೆಯಂದಿರು, ಯಾರ ಮನೆಯಲ್ಲಿ ಯಾರು ಕೆಮ್ಮುತ್ತಾರೆ ಅಂತ ಗೊತ್ತಿದ್ದವರು. ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ಅವರೇ 2020ರ ಜುಲೈನಲ್ಲಿ ಮುಷ್ಕರ ಹೂಡಬೇಕಾಯಿತು.

2021ರಲ್ಲಿ ಲಸಿಕೆ ಬಂದಾಗ ಮತ್ತೆ ಅದೇ ಕಥೆ. ಸೂಜಿ ಚುಚ್ಚಿಸಿಕೊಂಡರೆ ಸಾಯುತ್ತೇವೆ ಅನ್ನುವ ಹೆದರಿಕೆ ಇದ್ದದ್ದು ಹೌದು. ಆದರೆ ನಾನು ಜಾಸ್ತಿ ಕೇಳಿದ್ದು ಬೇರೆ ಮಾತು: ಎರಡು ದಿನ ಮೈಕೈ ನೋವು, ಜ್ವರ ಬಂದರೆ ಆ ಎರಡು ದಿನದ ಕೂಲಿ ಯಾರು ಕೊಡುತ್ತಾರೆ?

ಈಗ ರೇಷನ್ ಕಾರ್ಡಿನ ಧಾನ್ಯ ಬೇರೆ ರಾಜ್ಯದಲ್ಲೂ ಸಿಗುತ್ತದೆ. ಆದರೂ ದೀಪಾವಳಿಯ ಹೊತ್ತಿಗೆ ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಮುಂಗಡ ಪಡೆದ ಗಂಡ ಹೆಂಡತಿ ಟ್ರ್ಯಾಕ್ಟರ್ ಹತ್ತುತ್ತಾರೆ. ಮಹಾರಾಷ್ಟ್ರದ ಕಬ್ಬಿನ ಗ್ಯಾಂಗ್‌ಗಳಲ್ಲಿ ಜ್ವರ ಅಂತ ಒಂದು ದಿನ ಮಲಗಿದರೆ ಆ ದಿನದ ಕೂಲಿ ಹೋಗುವುದಲ್ಲದೆ, 'ಖಾಡಾ' ಅಂತ ದಂಡವೂ ಬೀಳುತ್ತದೆ.