ಸಲೈನ್ ಹಚ್ಚುವ ಮುಂಚೆ: ಹದಿಹರೆಯದವರ ಬೊಜ್ಜಿನ ಆಪರೇಷನ್

ಕುತ್ತಿಗೆಯ ಹಿಂಭಾಗ ಕಪ್ಪಾಗಿದೆ ಎಂದು ಮಕ್ಕಳನ್ನು ಚರ್ಮದ ಡಾಕ್ಟರ್ ಹತ್ತಿರ ಕರೆತರುವ ತಾಯಂದಿರು ಕಲಬುರಗಿಯಲ್ಲಿ ಕಡಿಮೆಯಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ತಿಕ್ಕಿ ಆಗಿರುತ್ತದೆ. ಅದು ಕೊಳೆಯಲ್ಲ. ಬೊಜ್ಜಿನಿಂದ ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿದಾಗ ಕುತ್ತಿಗೆ, ಕಂಕುಳ ಚರ್ಮ ದಪ್ಪಗಾಗಿ ಮಖಮಲ್ಲಿನ ಹಾಗೆ ಕಪ್ಪಾಗುತ್ತದೆ. ಅದೇ ಹುಡುಗ ರಾತ್ರಿ ಗೊರಕೆ ಹೊಡೆಯುತ್ತ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರೆ, ಅದೇ ಹುಡುಗಿಗೆ ಮುಟ್ಟು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ, "ವಯಸ್ಸಿಗೆ ಬಂದ್ರ ತಾನಾ ಇಳಿತದ" ಎನ್ನುವ ಹಿರಿಯರ ಮಾತು ನಂಬಿ ಕೂರುವ ಹಾಗಿಲ್ಲ.

ಜಠರ ಕಿರಿದು ಮಾಡುವ ಬೊಜ್ಜಿನ ಆಪರೇಷನ್ ಯಾರಿಗೆ? ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರ್‌ನಲ್ಲಿ ಹಿಡಿದು, ಎತ್ತರದ ವರ್ಗದಿಂದ ತೂಕವನ್ನು ಭಾಗಿಸಿ. ಬಂದ ಅಂಕಿಯೇ ಬಿಎಂಐ. 158 ಸೆಂ.ಮೀ. ಎತ್ತರ, 98 ಕಿಲೋ ಇರುವ ಹುಡುಗಿಯ ಬಿಎಂಐ 39 ದಾಟುತ್ತದೆ. ಬಿಎಂಐ 35 ಅಥವಾ ಆ ವಯಸ್ಸಿನ 95ನೇ ಪರ್ಸೆಂಟೈಲ್‌ನ (ನೂರು ಮಕ್ಕಳಲ್ಲಿ 95 ಮಂದಿ ಅದರೊಳಗೇ ಇರುವ ಬಿಎಂಐ) 120%, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರಿ, ಜೊತೆಗೆ ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರುಗಟ್ಟುವಿಕೆ, ಲಿವರ್ ಕೊಬ್ಬಿನ ಉರಿಯೂತದಂಥ ತೊಂದರೆ ಇದ್ದರೆ ಆಪರೇಷನ್ ವಿಚಾರ ಮಾಡಬಹುದು. ಕಾಯಿಲೆ ಇಲ್ಲದಿದ್ದರೆ ಮಿತಿ 40 ಅಥವಾ 140%. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರ ಮಾರ್ಗಸೂಚಿಯಲ್ಲಿ 13 ವರ್ಷ ತುಂಬಿದವರನ್ನೇ ತಜ್ಞರ ಬಳಿ ಕಳಿಸಲು ಹೇಳಿದೆ. ಎತ್ತರ ಪೂರ್ತಿ ಬೆಳೆಯುವವರೆಗೆ ಕಾಯಬೇಕೆಂಬ ಹಳೆಯ ನಿಯಮ ಈಗಿಲ್ಲ.

ಒಂದು ಸೂಕ್ಷ್ಮವಿದೆ. ಹೆಚ್ಚು ಉಂಡು ದಪ್ಪಗಾದ ಮಗು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರ ಇರುತ್ತದೆ. ದಪ್ಪಗಿದ್ದು ಕುಳ್ಳಗೂ ಇದ್ದರೆ ಮೊದಲು ಥೈರಾಯ್ಡ್, ಕಾರ್ಟಿಸಾಲ್ ಹಾರ್ಮೋನುಗಳ ರಕ್ತ ಪರೀಕ್ಷೆ ನೋಡಬೇಕು. ಅಲ್ಲಿ ದೋಷ ಸಿಕ್ಕರೆ ಚಿಕಿತ್ಸೆಯ ದಾರಿಯೇ ಬೇರೆ.

ಹೆಚ್ಚಾಗಿ ಮಾಡುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಮಾಡಿ, ಜಠರದೊಳಗೆ ಅಳತೆಯ ಕೊಳವೆ ಇಟ್ಟು, ಅದರ ಗುಂಟ ಸ್ಟೇಪ್ಲರ್‌ನಿಂದ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿ ಆಕಾರದ ಚೀಲ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚು ತಯಾರಾಗುವ ಮೇಲ್ಭಾಗವೂ ಕತ್ತರಿಸಿಹೋಗುವುದರಿಂದ ಹಸಿವು ಇಳಿಯುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು. ಈ ಮಾತನ್ನು ಅಪ್ಪ-ಅವ್ವನನ್ನು ಹೊರಗೆ ಕೂರಿಸಿ ಮಗುವಿಗೆ ಒಂಟಿಯಾಗಿ ಹೇಳಬೇಕು, ಅದರ ಬಾಯಿಂದಲೇ ಒಪ್ಪಿಗೆ ಕೇಳಬೇಕು. ಮನೆಯವರ ಒತ್ತಾಯಕ್ಕೆ ತಲೆಯಾಡಿಸಿದ ಮಗು ಆಮೇಲೆ ಜೀವನಪೂರ್ತಿ ನುಂಗಬೇಕಾದ ವಿಟಮಿನ್ ಗುಳಿಗೆ ಬಿಟ್ಟುಬಿಡಬಹುದು.

ಆಪರೇಷನ್‌ಗೆ ಎರಡು ವಾರ ಮೊದಲು ಅನ್ನ, ರೊಟ್ಟಿ, ಸಕ್ಕರೆ ಬಹಳ ಕಡಿಮೆ ಮಾಡಿಸುತ್ತಾರೆ. ಜಠರದ ಮೇಲೆ ಕೂತಿರುವ ಲಿವರ್‌ನ ಎಡಭಾಗ ಕೊಬ್ಬಿನಿಂದ ಊದಿರುತ್ತದೆ, ಅದು ಕುಗ್ಗಿದರೆ ಸರ್ಜನ್‌ಗೆ ಜಾಗ ಸಿಗುತ್ತದೆ. "ಇನ್ನು ಮುಂದ ತಿನ್ನಾಕ ಸಿಗಂಗಿಲ್ಲ, ತಿನ್ಲಿ ಬಿಡ್ರಿ" ಎಂದು ಈ ಎರಡು ವಾರದಲ್ಲಿ ಹೋಳಿಗೆ ಊಟ ಹಾಕಿಸುವ ಪ್ರೀತಿ ತಿರುಗಿ ಹೊಡೆಯುತ್ತದೆ.

ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆಯಲ್ಲಿ ಮಾಡಿಸೋಣ ಎನ್ನುವವರೇ ಹೆಚ್ಚು. ನಮ್ಮ ಸೀಮೆಗೆ ಅದು ಸರಿಯಲ್ಲ. ಮೊದಲ ವಾರಗಳಲ್ಲಿ ಒಮ್ಮೆಗೆ 30 ಎಂ.ಎಲ್. ಗುಟುಕು ಹಾಕುತ್ತ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸಬೇಕು. ಗಟಗಟ ಕುಡಿಯಲು ಆಗದು. ಮೇ ತಿಂಗಳ 42 ಡಿಗ್ರಿಯಲ್ಲಿ, ಕರೆಂಟ್ ಹೋದ ಮಧ್ಯಾಹ್ನ ಈ ಲೆಕ್ಕ ಸುಲಭವಾಗಿ ತಪ್ಪುತ್ತದೆ. ದಸರಾ ರಜೆ ಎಷ್ಟೋ ವಾಸಿ. ಎರಡು-ಮೂರು ವಾರದಲ್ಲಿ ಶಾಲೆಗೆ ಹೋಗಬಹುದು.

ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಮಾಡಿಸಿದವರು ಮೂರನೇ ದಿನವೇ ಊರಿಗೆ ಹೊರಡಬಾರದು. ಹತ್ತು ದಿನವಾದರೂ ಅದೇ ಊರಲ್ಲಿ ಇರಿ. ಜಠರ ಕತ್ತರಿಸಿ ಸ್ಟೇಪಲ್ ಹಾಕಿದ ಗೆರೆ ಸೋರಿದರೆ ಮೊದಲು ಹೇಳುವುದು ನಾಡಿ. ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ 120 ದಾಟಿದರೆ, ಜ್ವರ, ಏದುಸಿರು, ಎಡಭುಜದ ನೋವು ಇದ್ದರೆ, ಹೊಟ್ಟೆ ಮೆತ್ತಗಿದ್ದರೂ ಕಾಯಬೇಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ನಾಡಿಯನ್ನೂ ತೋರಿಸುತ್ತದೆ, ಒಂದು ಇಟ್ಟುಕೊಳ್ಳಿ.

ಎರಡು ವಾರ ದ್ರವ, ಆಮೇಲೆ ಎರಡು ವಾರ ನುಣ್ಣಗೆ ರುಬ್ಬಿದ್ದು, ನಂತರ ಮೆತ್ತಗಿನ ಊಟ. ತೊಗರಿಬೇಳೆ ಕಟ್ಟು ಕುಡಿಸಿದರೆ ಪ್ರೋಟೀನ್ ಸಿಕ್ಕಿತು ಎಂದುಕೊಳ್ಳುವ ಮನೆಗಳಿವೆ. ನಮ್ಮ ಬೇಳೆಗೆ ಊರಿನ ಹೆಸರಿನ ಮಾನ್ಯತೆಯಾದ ಜಿಐ ಟ್ಯಾಗ್ ಇದ್ದರೂ ಮೇಲಿನ ತಿಳಿಯಲ್ಲಿ ಇರುವುದು ಹೆಚ್ಚಾಗಿ ನೀರು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಗೆ 6 ಗ್ರಾಂ, ಲೋಟ ಹಾಲಿಗೆ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಬಿಟ್ಟು ಗತಿಯಿಲ್ಲ. ಕಡಕ್ ರೊಟ್ಟಿ, ಒಣ ಶೇಂಗಾ ಹಿಂಡಿ ಕಿರಿದಾದ ಚೀಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಎರಡು ತಿಂಗಳ ನಂತರ ಬಿಸಿ ರೊಟ್ಟಿಯ ಕಾಲು ಭಾಗವನ್ನು ಬೇಳೆಯಲ್ಲಿ ನೆನೆಸಿ, ಚೆನ್ನಾಗಿ ಅಗಿದು ಶುರು ಮಾಡಬಹುದು. ಊಟದ ಜೊತೆ ನೀರು ಬೇಡ, ಅರ್ಧ ತಾಸು ಬಿಡಿ. ತೂಕ ತಿರುಗಿ ಬರಲು ಸಿಹಿ ಪಾನೀಯಗಳೂ ಒಂದು ಕಾರಣ. ಕಬ್ಬಿನ ಹಾಲು, ಕೋಲ್ಡ್ರಿಂಕ್ಸ್ ಚೀಲದಲ್ಲಿ ನಿಲ್ಲದೆ ಜಾರಿಹೋಗುತ್ತವೆ.

ಫಲ ಎಷ್ಟು? ಈ ಆಪರೇಷನ್ ಆದ ಹದಿಹರೆಯದವರ ಮೇಲೆ ಅಮೆರಿಕದಲ್ಲಿ ನಡೆದ ಟೀನ್-ಲ್ಯಾಬ್ಸ್ ಅಧ್ಯಯನದಲ್ಲಿ ಮೂರು ವರ್ಷಕ್ಕೆ ತೂಕ ಸರಾಸರಿ 27% ಇಳಿದಿತ್ತು, ಟೈಪ್ 2 ಸಕ್ಕರೆ ಕಾಯಿಲೆ ಇದ್ದವರಲ್ಲಿ 95% ಮಂದಿಗೆ ಹತೋಟಿಗೆ ಬಂದು ಶಮನವಾಗಿತ್ತು. ಅದೇ ಗುಂಪಿನ 57% ಮಕ್ಕಳಲ್ಲಿ ಕಬ್ಬಿಣದ ಸಂಗ್ರಹವೂ ಬರಿದಾಗಿತ್ತು. ನಮ್ಮ ಭಾಗದ ಹುಡುಗಿಯರಲ್ಲಿ ರಕ್ತಹೀನತೆ ಮೊದಲೇ ಹೆಚ್ಚು, ಈ ಕಬ್ಬಿಣದ ಅಂಕಿ ಅವರಿಗೆ ಮುಖ್ಯ. ಮಲ್ಟಿವಿಟಮಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ಸಿಟ್ರೇಟ್, ಕಬ್ಬಿಣ ಜೀವನಪೂರ್ತಿ. ಕ್ಯಾಲ್ಸಿಯಂಗೂ ಕಬ್ಬಿಣಕ್ಕೂ ಎರಡು ತಾಸು ಅಂತರ ಬೇಕು, ಕಬ್ಬಿಣದ ಜೊತೆ ಚಹಾ ಬೇಡ. ರಕ್ತ ಪರೀಕ್ಷೆ 3, 6, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ಮೂರು-ಆರು ತಿಂಗಳ ನಡುವೆ ಕೂದಲು ಉದುರಿದರೆ ಗಾಬರಿ ಬೇಡ, ಬಹುಪಾಲು ಮತ್ತೆ ಬರುತ್ತದೆ. ತೂಕ ಇಳಿದಂತೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. 18 ತುಂಬಿದ ಕೂಡಲೇ ಮದುವೆ ಮಾತು ಎತ್ತುವ ಮನೆಗಳಿಗೆ ಇದನ್ನು ಮುಂಚೆಯೇ ಹೇಳಬೇಕು: ಆಪರೇಷನ್ ಆಗಿ 12ರಿಂದ 18 ತಿಂಗಳು ಬಸಿರು ಬೇಡ.

ವಿಮೆಯ ಮೇಲೆ ಭರವಸೆ ಇಟ್ಟವರು ಪಾಲಿಸಿಯಲ್ಲಿ Excl06 ಎಂಬ ಕಲಮು ಓದಿ. ಬೊಜ್ಜಿನ ಆಪರೇಷನ್‌ಗೆ ಹಣ ಸಿಗಲು ರೋಗಿಗೆ 18 ತುಂಬಿರಬೇಕು ಎಂದು ಅದರಲ್ಲೇ ಇದೆ.

ಊರಿಗೆ ಬಂದ ಮೇಲೆ ದೊಡ್ಡ ಅಪಾಯ ಒಂದೇ ಒಂದು ಬಾಟಲಿಯಲ್ಲಿರಬಹುದು. ಮಗು ನಾಲ್ಕೈದು ದಿನ ವಾಂತಿ ಮಾಡಿಕೊಂಡು ಸುಸ್ತಾಗಿರುತ್ತದೆ. ಮನೆಯವರು "ಒಂದ್ ಸಲಾಯಿನ್ ಹಚ್ರಿ ಸಾಹೇಬ್ರ" ಎನ್ನುತ್ತಾರೆ, ಹತ್ತಿರದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಚ್ಚುತ್ತಾರೆ. ದೇಹದಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ಕೆಲವೇ ವಾರಕ್ಕಾಗುವಷ್ಟು ಮಾತ್ರ ಸಂಗ್ರಹವಿರುತ್ತದೆ. ಗ್ಲೂಕೋಸನ್ನು ಬಳಸಲು ಅದು ಬೇಕೇ ಬೇಕು. ಉಳಿದಿದ್ದ ಅಷ್ಟಿಷ್ಟೂ ಖರ್ಚಾದಾಗ ಮೆದುಳಿಗೆ ಪೆಟ್ಟು ಬೀಳುತ್ತದೆ: ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ಅದುರುವುದು, ನಡೆದರೆ ತೂರಾಡುವುದು, ಗೊಂದಲ. ಇದಕ್ಕೆ ವರ್ನಿಕೆ ಎನ್ಸೆಫಲೋಪತಿ ಎನ್ನುತ್ತಾರೆ, ತಡವಾದರೆ ನೆನಪಿನ ಶಕ್ತಿ ಮರಳದೆ ಹೋಗಬಹುದು. ಹಾಗಾಗಿ ಗ್ಲೂಕೋಸ್‌ಗೆ ಮೊದಲು ರಕ್ತನಾಳದಲ್ಲಿ ಕನಿಷ್ಠ 100 ಮಿ.ಗ್ರಾಂ. ಥಯಾಮಿನ್ ಹೋಗಬೇಕು. ಈ ಲಕ್ಷಣಗಳು ಆಗಲೇ ಇದ್ದರೆ ಮೊದಲ 500 ಮಿ.ಗ್ರಾಂ. ಕೊಟ್ಟು ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು, ಅಲ್ಲಿ ಅಷ್ಟನ್ನೇ ದಿನಕ್ಕೆ ಮೂರು ಸಲ ಮುಂದುವರಿಸಬೇಕು. ಸದ್ಯಕ್ಕೆ ನೀರು ತುಂಬಲು ಗ್ಲೂಕೋಸ್ ಇಲ್ಲದ ಉಪ್ಪುನೀರು, ಅಂದರೆ ಸಾದಾ ನಾರ್ಮಲ್ ಸಲೈನ್ ಸಾಕು.

ಅಂಚೆ ಕಾರ್ಡಿನಷ್ಟು ಚೀಟಿಯಲ್ಲಿ ಆಪರೇಷನ್ ಹೆಸರು, ದಿನಾಂಕ, ಸರ್ಜನ್ ಫೋನ್ ನಂಬರ್ ಬರೆಸಿ. ಕೆಳಗೆ ಎರಡು ಸಾಲು: "ಗ್ಲೂಕೋಸ್‌ಗೆ ಮೊದಲು ಥಯಾಮಿನ್", "ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಡೈಕ್ಲೋಫೆನಾಕ್ ಬೇಡ". ಲ್ಯಾಮಿನೇಶನ್ ಮಾಡಿಸಿ ಒಂದು ಶಾಲೆಯ ಚೀಲದಲ್ಲಿ, ಇನ್ನೊಂದು ಅಪ್ಪನ ಪಾಕೀಟಿನಲ್ಲಿ ಇರಲಿ.